ಎಣಿಕೆ ಮುಗಿದ ಮೇಲಿನ ಕೆಲಸ

ಕಲಬುರಗಿ

ಪ್ರೀತಿಯ ತಂಗಿ,

ನಿನ್ನ ಲೇಖನ ಓದಿದೆ. ಪ್ರತಿ ಕವಿತೆಗೂ ‘ಲಯಬದ್ಧವಾಗಿದೆ, ಪ್ರಾಸ ಚೆನ್ನಾಗಿದೆ’ ಎಂದು ಬರೆದು ಮುಂದೆ ಹೋಗಿದ್ದೀ. ಯಾವ ಲಯ, ಅದು ಎಲ್ಲಿ ತಪ್ಪುತ್ತದೆ ಎನ್ನುವುದೇ ಬಂದಿಲ್ಲ. ತಪ್ಪುವ ಜಾಗದಲ್ಲೇ ಹೇಳುವುದು ಹೆಚ್ಚಿರುತ್ತದೆ.

ಮೊದಲು ಗಟ್ಟಿಯಾಗಿ ಓದು, ಆಮೇಲೆ ಪೆನ್ಸಿಲ್ ಹಿಡಿದು ಪ್ರಸ್ತಾರ ಹಾಕು, ಅಂದರೆ ಪ್ರತಿ ಅಕ್ಷರ ಲಘುವೋ ಗುರುವೋ ಎಂದು ಗುರುತು ಮಾಡು. ಉಚ್ಚರಿಸಲು ಹಿಡಿಯುವ ಕಾಲದ ಅಳತೆಯೇ ಮಾತ್ರೆ: ಲಘುವಿಗೆ 1 ಮಾತ್ರೆ, ಗುರುವಿಗೆ 2. ದೀರ್ಘಾಕ್ಷರ, ಅನುಸ್ವಾರ ಇರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ ಗುರು. ಹೊಸಬರು ಎಡವುವುದು ಈ ಕೊನೆಯದರಲ್ಲಿ: ‘ಬಣ್ಣಿಸಬೇಡ’ದಲ್ಲಿ ಗುರುವಾಗುವುದು ‘ಬ’, ‘ಣ್ಣಿ’ ಅಲ್ಲ.

ಕಲ್ಯಾಣದ ಬಸವಣ್ಣನವರ ವಚನವೊಂದು ನಿನಗೆ ಬಾಯಿಪಾಠ ಇದ್ದೇ ಇರುತ್ತದೆ, ಅದನ್ನೇ ನೋಡೋಣ. ‘ಕಳಬೇಡ, ಕೊಲಬೇಡ, ಹುಸಿಯ ನುಡಿಯಲು ಬೇಡ’: ಕಳಬೇಡ | ಕೊಲಬೇಡ | ಹುಸಿಯ ನುಡಿ | ಯಲು ಬೇಡ, 5 ಮಾತ್ರೆಯ 4 ಗಣ (ಗುಂಪು), ಒಟ್ಟು 20. ‘ಮುನಿಯಬೇಡ, ಅನ್ಯರಿಗೆ ಅಸಹ್ಯಪಡಬೇಡ’ ಕೂಡಿಸಿದರೂ 20. ಆದರೆ ಓದಿ ನೋಡು, ನಡೆ ಮುಗ್ಗರಿಸುತ್ತದೆ. ‘ಮುನಿಯಬೇಡ’ 6 ಮಾತ್ರೆ. ಹಾಗಾಗಿ ವಿರಾಮ ಗಣದ ನಡುವೆ ಬೀಳುತ್ತದೆ, ಮುಂದಿನ ಗಣ ‘ಡ, ಅನ್ಯರಿ’ ಎಂದು ಮೊದಲು ಲಘು, ಅದರ ಬೆನ್ನಿಗೇ ಗುರು ಹೊತ್ತು ಏಳುತ್ತದೆ. ಮಾತ್ರಾಗಣಗಳ ನಡೆಗೆ ಇಂಥ ಆರಂಭ ಒಗ್ಗುವುದಿಲ್ಲ. ‘ತನ್ನ ಬಣ್ಣಿಸಬೇಡ, ಇದಿರ ಹಳಿಯಲು ಬೇಡ’ ಬಂದಾಗ 5ರ ನಡೆ ಮತ್ತೆ ಸರಾಗ.

ಬರೀ ಮೊತ್ತ ಬರೆದಿದ್ದರೆ ಮೂರೂ ಒಂದೇ ಎಂದುಕೊಳ್ಳುತ್ತಿದ್ದೆ. ಸಿಟ್ಟಿನ ಮಾತು ಬಂದಲ್ಲೇ ಓಟ ತಡೆಯಿತು ಎಂದು ಬರೆ, ಸಾಕು. ಬಸವಣ್ಣನವರು ಮಾತ್ರೆ ಎಣಿಸಿಯೇ ಇಟ್ಟರು ಎಂದು ಮಾತ್ರ ಹೇಳಬೇಡ. ವಚನ ಛಂದಸ್ಸಿಗೆ ಕಟ್ಟುಬಿದ್ದ ರೂಪವಲ್ಲ.

ಇನ್ನು ಪುನರಾವರ್ತನೆ. ‘ಬೇಡ’ 7 ಸಲ, ಪ್ರತಿಸಲವೂ ಮಾತಿನ ತುದಿಗೆ. ಆಮೇಲೆ ‘ಇದೇ’ 3 ಸಲ, ಈಗ ಮಾತಿನ ತಲೆಗೆ. ‘ಇದೇ’ಯಲ್ಲೂ ಮೊದಲ ಅಕ್ಷರ ಲಘು, ಎರಡನೆಯದು ಗುರು. ಅಲ್ಲಿಯವರೆಗಿನ ಓಟ ಅದರ ಮುಂದೆ ನಿಲ್ಲುತ್ತದೆ, ನಿರಾಕರಣೆ ಹೋಗಿ ಕೈತೋರಿಕೆ ಬರುತ್ತದೆ. ಎಷ್ಟು ಸಲ ಎಂಬುದಕ್ಕಿಂತ ಎಲ್ಲಿ ಎಂಬುದನ್ನು ಮೊದಲು ಗುರುತು ಮಾಡಿಕೋ. ಮತ್ತೆ, ‘ಬೇಡ–ಬೇಡ’ವನ್ನು ಪ್ರಾಸ ಎಂದು ಬರೆದಿದ್ದೀ. ಅದೇ ಪದ ಮರಳಿದರೆ ಅದು ಪುನರುಕ್ತಿ.

ಆದಿಪ್ರಾಸ ಎಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಇರಬೇಕು, ಅದರ ಹಿಂದಿನ ಸ್ವರ ಹ್ರಸ್ವವಾದರೆ ಎಲ್ಲ ಸಾಲಿನಲ್ಲೂ ಹ್ರಸ್ವ, ದೀರ್ಘವಾದರೆ ದೀರ್ಘ. ನಮ್ಮ ಮಳಖೇಡದ ರಾಷ್ಟ್ರಕೂಟರ ಆಸ್ಥಾನದಲ್ಲಿ 9ನೆಯ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗವೇ ಪ್ರಾಸವನ್ನು ಚರ್ಚಿಸಿದೆ, ಓದಿಕೋ. ಹೊಸ ಕವಿತೆಯ ಅಂತ್ಯಪ್ರಾಸಕ್ಕೆ ನನ್ನ ಪರೀಕ್ಷೆ ಬೇರೆ: ಪ್ರಾಸದ ಪದ ತೆಗೆದು ಅದೇ ಅರ್ಥದ ಇನ್ನೊಂದು ಇಡು. ಸದ್ದು ಬಿಟ್ಟು ಬೇರೇನೂ ಕಳೆಯದಿದ್ದರೆ ಅದು ಜಾಗ ತುಂಬಿಸಲು ತುರುಕಿದ ಪದ.

ಆರು ಸಾಲಿನ ಭಾಮಿನಿ ಷಟ್ಪದಿಯ ಲೆಕ್ಕ ಸುಲಭ: 1, 2, 4, 5ನೆಯ ಸಾಲು 14 ಮಾತ್ರೆ, 3 ಮತ್ತು 6 ಕೊನೆಯ ಗುರು ಸೇರಿ 23.

ಕಡಕೋಳ ಮಡಿವಾಳಪ್ಪನವರ ತತ್ವಪದಗಳಿಗೆ ಮಾತ್ರ ಅಚ್ಚಿನ ಪುಟ ನಂಬಬೇಡ. ಏಕತಾರಿ ಹಿಡಿದವರು ಲಘುವನ್ನೂ ಎಳೆದು ಹಾಡುತ್ತಾರೆ, ಪಲ್ಲವಿಗೆ ಮರಳುತ್ತಾರೆ. ಅಚ್ಚಿನಲ್ಲಿ ಅದು ಕಾಣುವುದಿಲ್ಲ. ಊರಿನ ಭಜನಾ ಮಂಡಳಿಯಲ್ಲಿ ಕೂತು ಒಂದು ಪದ ಮೊಬೈಲಿನಲ್ಲಿ ಹಿಡಿದುಕೋ. ಪುಟದ ಪ್ರಸ್ತಾರ ಒಂದು ಬಣ್ಣದಲ್ಲಿ, ಹಾಡಿನದು ಇನ್ನೊಂದರಲ್ಲಿ ಬರೆ. ಮುಂದಿನ ಲೇಖನದ ಜೊತೆ ಆ ಹಾಳೆಯನ್ನೂ ಕಳಿಸು.

ನಿನ್ನ ಅಣ್ಣ