ಇಂಜಿನಿಯರಿಂಗ್ ಮಕ್ಕಳಿಗೂ ವಾರ್ಡ್ ಪೋಸ್ಟಿಂಗ್ ಬೇಕು

ಮಾನ್ಯ ಸಂಪಾದಕರೇ,

ನಾನು ಹತ್ತೊಂಬತ್ತು ವರ್ಷಗಳಿಂದ ಸ್ಟಾಫ್ ನರ್ಸ್. ಅದರಲ್ಲಿ ಹನ್ನೊಂದು ವರ್ಷ ನವಜಾತ ಶಿಶುಗಳ ಘಟಕದಲ್ಲೇ ಕಳೆದಿದ್ದೇನೆ. ವೈದ್ಯಕೀಯ ಉಪಕರಣಗಳು ನಮ್ಮಲ್ಲೇ ತಯಾರಾಗಬೇಕು ಅಂತ ಪತ್ರಿಕೆಯಲ್ಲಿ ಓದಿದಾಗೆಲ್ಲ ಒಂದು ವಿಷಯ ಹೇಳಬೇಕು ಅನಿಸುತ್ತಿತ್ತು.

ತಿಂಗಳು ತುಂಬದೆ ಹುಟ್ಟಿದ ಕೂಸುಗಳನ್ನು ನಾವು ವಾರ್ಮರ್, ಅಂದರೆ ಮೇಲಿನಿಂದ ಶಾಖ ಕೊಡುವ ಯಂತ್ರದ ಕೆಳಗೆ ಮಲಗಿಸುತ್ತೇವೆ. ಹೊಟ್ಟೆಯ ಮೇಲೆ ಟೇಪ್ ಹಾಕಿ ಒಂದು ಪ್ರೋಬ್ ಅಂಟಿಸಬೇಕು. ಮೈ ಎಷ್ಟು ಬೆಚ್ಚಗಿದೆ ಅನ್ನುವುದನ್ನು ಅದು ತಿಳಿಸುತ್ತದೆ. ಹೀಟರ್ ಅದಕ್ಕೆ ತಕ್ಕಂತೆ ಜಾಸ್ತಿ ಕಡಿಮೆ ಆಗುತ್ತದೆ. ಪ್ರೋಬ್ ಕಿತ್ತು ಬಂದರೆ, ಗಾಳಿಯ ತಂಪನ್ನೇ ಕೂಸಿನ ಮೈ ಅಂದುಕೊಂಡು ಮೆಷಿನ್ ಶಾಖ ಏರಿಸುತ್ತದೆ. ಕೂಸಿನ ಮೈ ಸುಡತೊಡಗುತ್ತದೆ. ಗಟ್ಟಿಯಾಗಿ ಅಂಟಿಸೋಣ ಅಂದರೆ, ಒಂದು ಕಿಲೋ ಕೂಸಿನ ಚರ್ಮ ಈರುಳ್ಳಿಯ ಒಳಪೊರೆಯಷ್ಟು ತೆಳು. ಟೇಪ್ ಬಿಡಿಸುವಾಗ ಚರ್ಮವೂ ಎದ್ದು ಬರುತ್ತದೆ. ಅಲಾರಂ ಇದೆ ನಿಜ, ಅದನ್ನೇ ನಂಬಿ ಕೂರುವ ಹಾಗಿಲ್ಲ. ರಾತ್ರಿ ಪಾಳಿಯಲ್ಲಿ ಒಂದೊಂದು ಪ್ರೋಬನ್ನೂ ಮುಟ್ಟಿ ನೋಡುತ್ತಾ ತಿರುಗುತ್ತೇವೆ.

ಮೂರು ವರ್ಷದ ಹಿಂದೆ ಇಂಜಿನಿಯರಿಂಗ್ ಕಾಲೇಜಿನ ನಾಲ್ಕು ಮಕ್ಕಳು ಪ್ರಾಜೆಕ್ಟ್‌ಗೆ ಅಂತ ಬಂದರು. ಮೊಬೈಲಿಗೆ ಮೆಸೇಜ್ ಕಳಿಸುವ ತೊಟ್ಟಿಲು ಮಾಡುವ ಯೋಚನೆ ಅವರದು. ನಾನು ಪ್ರೋಬ್ ಕಥೆ ಹೇಳಿದೆ. ಒಬ್ಬ ಹುಡುಗಿ ಕೈ ತೊಳೆದು ಬಂದು ಅರ್ಧ ಗಂಟೆ ನನ್ನ ಪಕ್ಕ ನಿಂತು ನೋಡಿದಳು. ಹದಿನೈದು ದಿನಕ್ಕೆ ಟೇಪೇ ಬೇಡದ ಒಂದು ಮೆತ್ತನೆ ಪಟ್ಟಿ ಮಾಡಿ ತಂದಳು! ಗೊಂಬೆಗೆ ಕಟ್ಟಿ ನೋಡಿದೆವು. ಹೊಕ್ಕುಳ ಹತ್ತಿರ ಬಿಗಿಯಾಗುತ್ತೆ, ಇಲ್ಲಿ ಸ್ವಲ್ಪ ಸಡಿಲ ಮಾಡು ಅಂದೆ. ಅಷ್ಟರಲ್ಲಿ ಸೆಮಿಸ್ಟರ್ ಮುಗಿಯಿತು, ಅಂಕ ಬಂತು, ಕೆಲಸ ನಿಂತಿತು. ಪಟ್ಟಿಯನ್ನು ಪರೀಕ್ಷಿಸುವವರು ಯಾರು, ತಯಾರಿಸುವವರು ಯಾರು, ರೋಗಿಗಳ ಮೇಲೆ ಪ್ರಯೋಗಿಸಲು ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಗೆ ಬರೆಯಬೇಕಾದವರು ಯಾರು? ಅವಳಿಗೂ ಗೊತ್ತಿರಲಿಲ್ಲ, ನನಗೂ.

ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಕೃತಕ ಹೃದಯ ಕವಾಟ ಮಾಡಿದರಲ್ಲ, ಅಲ್ಲಿ ಆಸ್ಪತ್ರೆ, ಪ್ರಯೋಗಾಲಯ ಎರಡೂ ಒಂದೇ ಸಂಸ್ಥೆಯವು. ಮುಂದೆ ನಿಂತವರು ಹೃದಯ ಶಸ್ತ್ರಚಿಕಿತ್ಸಕ ಡಾ. ಎಂ.ಎಸ್. ವಲಿಯತ್ತಾನ್. ಆಮೇಲೆ ನಮ್ಮ ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದವರು ಇವರೇ. ಮೊದಲ ಮೂರು ಮಾದರಿ ಕೈಕೊಟ್ಟವು. ನಾಲ್ಕನೆಯದು 1990ರ ಡಿಸೆಂಬರ್‌ನಲ್ಲಿ ಮೊದಲ ರೋಗಿಯ ಎದೆ ಸೇರಿತು. ತಯಾರಿಕೆಯನ್ನು ಟಿಟಿಕೆ ಕಂಪನಿ ವಹಿಸಿಕೊಂಡಿತು. ಈಗ ಲಕ್ಷಕ್ಕೂ ಹೆಚ್ಚು ಜನರಿಗೆ ಅದನ್ನು ಹಾಕಿದ್ದಾರೆ. ಸೆಮಿಸ್ಟರ್ ಲೆಕ್ಕದಲ್ಲಿ ನಡೆದಿದ್ದರೆ ಆ ಕೆಲಸ ಮೊದಲ ಮಾದರಿಗೇ ನಿಲ್ಲುತ್ತಿತ್ತು, ಅಲ್ವಾ?

ನಮ್ಮ ರಾಜ್ಯದಲ್ಲಿ ಇಂಜಿನಿಯರಿಂಗ್‌ಗೆ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು), ನರ್ಸಿಂಗ್ ಮತ್ತು ವೈದ್ಯಕೀಯಕ್ಕೆ ಬೆಂಗಳೂರಿನ ರಾಜೀವ್ ಗಾಂಧಿ ವಿಶ್ವವಿದ್ಯಾಲಯ. ಎರಡೂ ಸರ್ಕಾರದವೇ. ಇವರು ಸೇರಿ ಬಯೋಮೆಡಿಕಲ್, ಅಂದರೆ ವೈದ್ಯಕೀಯ ಉಪಕರಣಗಳ ಇಂಜಿನಿಯರಿಂಗ್ ಓದುವ ಮಕ್ಕಳಿಗೆ ಒಂದು ತಿಂಗಳು ವಾರ್ಡ್ ಪೋಸ್ಟಿಂಗ್ ಹಾಕಲಿ, ರಾತ್ರಿ ಪಾಳಿ ಸಮೇತ. ಸುಮ್ನೆ ಅರ್ಧ ದಿನ ಸುತ್ತಾಡಿ ಹೋದರೆ ಏನೂ ಕಾಣುವುದಿಲ್ಲ. ಬಿಡಿಭಾಗಗಳನ್ನು ಅಚ್ಚಿನಲ್ಲಿ ಎರೆದು ಮಾಡುವ ಸಣ್ಣ ಕಾರ್ಖಾನೆಯವರನ್ನೂ ಮೊದಲ ದಿನವೇ ಕರೆಯಿರಿ. ಒಂದು ಬ್ಯಾಚ್ ಅರ್ಧಕ್ಕೆ ಬಿಟ್ಟದ್ದನ್ನು ಮುಂದಿನ ಬ್ಯಾಚಿಗೆ ಒಪ್ಪಿಸಲು ಜಿಲ್ಲಾ ಆಸ್ಪತ್ರೆಯಲ್ಲಿ ಒಬ್ಬರು ಇರಲಿ.

ಆ ಹುಡುಗಿ ಈಗ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ಹಬ್ಬಕ್ಕೆ ಮೆಸೇಜ್ ಮಾಡುವಾಗ “ಸಿಸ್ಟರ್, ಆ ಪಟ್ಟಿ ಇದೆಯಾ?” ಅಂತ ಕೇಳುತ್ತಾಳೆ. ಇದೆ, ನನ್ನ ಲಾಕರ್‌ನಲ್ಲೇ ಇದೆ. ಮುಂದುವರಿಸುವ ಕಾಲೇಜು ಯಾವುದಾದರೂ ಇದ್ದರೆ ಕೊಡುತ್ತೇನೆ. ರಜೆಯ ದಿನ ಬಂದು ಜೊತೆಗೆ ಕೂರುತ್ತೇನೆ.

ಇಂತಿ,
ಒಬ್ಬ ಸ್ಟಾಫ್ ನರ್ಸ್, ದಾವಣಗೆರೆ