ಶಿಕ್ಷಣಾಡಳಿತ ಕಲಿಸುವವರನ್ನು ಪ್ರಶ್ನಿಸುವವರು ಯಾರು?

ಮಾನ್ಯ ಸಂಪಾದಕರೇ,

ಸರ್ಕಾರಿ ಶಾಲೆಗಳ ಸ್ಥಿತಿಗತಿಯ ಮಾತು ಬಂದಾಗಲೆಲ್ಲ ಮುಖ್ಯ ಶಿಕ್ಷಕರು, ಕ್ಷೇತ್ರ ಶಿಕ್ಷಣಾಧಿಕಾರಿಗಳು ಮತ್ತು ಉಪನಿರ್ದೇಶಕರ ಹೊಣೆಗಾರಿಕೆ ಚರ್ಚೆಗೆ ಬರುತ್ತದೆ. ಇವರಿಗೆ ಎಂ.ಇಡಿ. ತರಗತಿಗಳಲ್ಲಿ, ತರಬೇತಿ ಶಿಬಿರಗಳಲ್ಲಿ ಆಡಳಿತವನ್ನು ಬೋಧಿಸುವ ನಮ್ಮಂಥ ಪ್ರಾಧ್ಯಾಪಕರ ಹೊಣೆಯ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಆ ಪ್ರಶ್ನೆಯನ್ನು ನಾವೇ ಎತ್ತಿಕೊಂಡು ವರ್ಷಕ್ಕೊಮ್ಮೆ ಕನ್ನಡದಲ್ಲಿ ಚರ್ಚಿಸುವ ವೃತ್ತಿಸಂಘವೊಂದನ್ನು ನನ್ನ ಸೇವಾವಧಿಯಲ್ಲಿ ನಾನು ಕಾಣಲಿಲ್ಲ.

ಅಮೆರಿಕದಲ್ಲಿ ಇಂಥ ಸಂಘವೊಂದು 1947ರಲ್ಲಿಯೇ ಹುಟ್ಟಿತು. ನ್ಯೂಯಾರ್ಕ್ ರಾಜ್ಯದ ಎಂಡಿಕಾಟ್ ಎಂಬ ಊರಿನಲ್ಲಿ ಸಭೆ ಸೇರಿದ ಶಿಕ್ಷಣಾಡಳಿತದ ಪ್ರಾಧ್ಯಾಪಕರು ಕಟ್ಟಿದ ಅದು ಮುಂದೆ ಶಿಕ್ಷಣಾಡಳಿತ ಪ್ರಾಧ್ಯಾಪಕರ ರಾಷ್ಟ್ರೀಯ ಸಮ್ಮೇಳನ, ಅಂದರೆ ಎನ್‌ಸಿಪಿಇಎ ಎಂದು ಹೆಸರಾಯಿತು. 1950ರ ದಶಕದಲ್ಲಿ ಇದೇ ಕ್ಷೇತ್ರದಲ್ಲಿ ಬಂದ ಯುಸಿಇಎ ಎಂಬ ಇನ್ನೊಂದು ಸಂಘಟನೆಗೆ ವಿಶ್ವವಿದ್ಯಾಲಯಗಳೇ ಸದಸ್ಯರು. ಎನ್‌ಸಿಪಿಇಎಯಲ್ಲಿ ಸದಸ್ಯತ್ವ ಪಾಠ ಹೇಳುವ ವ್ಯಕ್ತಿಗೆ ಸೇರಿದ್ದು. ಇದರ ಹುಟ್ಟಿಗೆ ಶ್ರಮಿಸಿದವರಲ್ಲಿ ವಾಲ್ಟರ್ ಕಾಕಿಂಗ್ ಒಬ್ಬರು. ಅವರು ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ ಡೀನ್ ಆಗಿದ್ದಾಗ, ಕಪ್ಪು ಮತ್ತು ಬಿಳಿ ಜನಾಂಗದವರು ಒಂದೇ ಕಡೆ ಕಲಿಯಬೇಕೆಂದು ವಾದಿಸುತ್ತಾರೆಂಬ ಆರೋಪ ಹೊರಿಸಿ ಗವರ್ನರ್ ಯೂಜೀನ್ ಟಾಲ್ಮಡ್ಜ್ 1941ರಲ್ಲಿ ಅವರನ್ನು ಕೆಲಸದಿಂದ ತೆಗೆಸಿದ್ದರು. ಇದನ್ನು ಸಹಿಸದೆ, ಕಾಲೇಜುಗಳಿಗೆ ಮಾನ್ಯತೆ ಕೊಡುವ ಸಂಘವು ಆ ರಾಜ್ಯದ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳ ಮಾನ್ಯತೆಯನ್ನು ಹಿಂತೆಗೆದುಕೊಂಡಿತು. ಮರುವರ್ಷದ ಚುನಾವಣೆಯಲ್ಲಿ ಟಾಲ್ಮಡ್ಜ್ ಸೋತರು. ವೃತ್ತಿಯವರು ಒಟ್ಟಾಗಿ ನಿಂತರೆ ಏನಾದೀತೆಂಬುದನ್ನು ಕಾಕಿಂಗ್ ಸ್ವಂತ ಅನುಭವದಿಂದಲೇ ಬಲ್ಲವರಾಗಿದ್ದರು.

ಆದರೆ ನನಗೆ ಇದಕ್ಕಿಂತ ಮುಖ್ಯವೆನಿಸುವುದು ಡೆನ್ವರ್‌ನಲ್ಲಿ ನಡೆದ ಈ ಪ್ರಾಧ್ಯಾಪಕರ ಸಂಘದ 1954ರ ಸಮ್ಮೇಳನ. ಆಗ ಆಡಳಿತದ ಪಾಠವೆಂದರೆ ಬಹುಮಟ್ಟಿಗೆ ಹಳೆಯ ಅಧಿಕಾರಿಗಳ ಅನುಭವದ ಮಾತು ಮತ್ತು ಹೀಗೆ ಮಾಡಿ, ಹಾಗೆ ಮಾಡಬೇಡಿ ಎಂಬ ಉಪದೇಶ. ಗೆಟ್ಜೆಲ್ಸ್, ಹಾಲ್ಪಿನ್, ಕೊಲಡಾರ್ಸಿಯವರಂಥ ಸಮಾಜವಿಜ್ಞಾನಿಗಳು ಆ ಸಭೆಗೆ ಬಂದು, ಈ ಕ್ಷೇತ್ರದ ಸಂಶೋಧನೆಗೆ ಸಿದ್ಧಾಂತದ ತಳಹದಿಯೇ ಇಲ್ಲವೆಂದು ಮುಖಕ್ಕೆ ಹೊಡೆದಂತೆ ಟೀಕಿಸಿದರು. ಅಸಮಾಧಾನವೇನೋ ಆಯಿತು, ಆದರೂ ಮೂರೇ ವರ್ಷಗಳಲ್ಲಿ ಆಡಳಿತಗಾರರ ವರ್ತನೆಯನ್ನು ಸಮಾಜವಿಜ್ಞಾನದ ಬೆಳಕಿನಲ್ಲಿ ಪರಿಶೀಲಿಸುವ ದೊಡ್ಡ ಗ್ರಂಥವೊಂದು ಅದೇ ಸಂಘದ ಪ್ರಾಯೋಜಕತ್ವದಲ್ಲಿ ಹೊರಬಂತು. ಹೊರಗಿನವರ ಟೀಕೆಗೆ ತನ್ನದೇ ವೇದಿಕೆಯಲ್ಲಿ ಜಾಗ ಕೊಡುವುದು ಇಂಥ ಸಂಘದ ಮೊದಲ ಕೆಲಸವೆಂದು ನಾನು ಭಾವಿಸುತ್ತೇನೆ.

ಆ ಎಚ್ಚರ ಅಲ್ಲಿಯೂ ಸದಾಕಾಲ ಉಳಿಯಲಿಲ್ಲವೆನ್ನಬೇಕು. ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನ ಅಧ್ಯಕ್ಷರಾಗಿದ್ದ ಆರ್ಥರ್ ಲೆವಿನ್ 2005ರ ವರದಿಯಲ್ಲಿ, ಶಾಲಾ ಮುಖ್ಯಸ್ಥರನ್ನು ತಯಾರು ಮಾಡುವ ಕೋರ್ಸುಗಳ ಪ್ರವೇಶದ ಮಟ್ಟ ಕೀಳಾಗಿದೆ, ಪಠ್ಯಕ್ಕೂ ಶಾಲೆಯ ಕೆಲಸಕ್ಕೂ ನಂಟಿಲ್ಲ, ಸಂಬಳ ಹೆಚ್ಚಲೆಂದು ಪದವಿ ಪಡೆಯುವವರೇ ಬಹಳ ಎಂದು ಬರೆದರು. ಪ್ರಾಧ್ಯಾಪಕರ ಸಂಘಟನೆಗಳ ಕಡೆಯಿಂದ ಪ್ರತ್ಯುತ್ತರವೂ ಬಂತು. ಆದರೆ ಇಂಥ ದೋಷಗಳನ್ನು ಗಟ್ಟಿಯಾಗಿ ಹೇಳಲು ಮತ್ತೊಬ್ಬರು ಬರಬೇಕಾಯಿತೇ ಎಂಬ ಪ್ರಶ್ನೆಯನ್ನು ಆ ಸಂಘಟನೆಗಳು ಎದುರಿಸಲೇಬೇಕು.

ನಮ್ಮಲ್ಲಿ ಸಂಸ್ಥೆಗಳಿಗೆ ಕೊರತೆಯಿಲ್ಲ. ಶಿಕ್ಷಣಾಡಳಿತಗಾರರಿಗಾಗಿ ರಾಷ್ಟ್ರೀಯ ಸ್ಟಾಫ್ ಕಾಲೇಜು ಬೇಕೆಂದು ಕೊಠಾರಿ ಆಯೋಗ ಹೇಳಿತ್ತು. ದೆಹಲಿಯಲ್ಲಿ 1979ರಿಂದ ನೀಪಾ (ರಾಷ್ಟ್ರೀಯ ಶೈಕ್ಷಣಿಕ ಯೋಜನೆ ಮತ್ತು ಆಡಳಿತ ಸಂಸ್ಥೆ) ಇದೆ, ನಮ್ಮ ಧಾರವಾಡದಲ್ಲಿ ಶಾಲಾ ನಾಯಕತ್ವಕ್ಕೆಂದೇ ರಾಜ್ಯ ಸಂಸ್ಥೆಯಿದೆ. ಆದರೆ ಇವು ಸರ್ಕಾರದ ಅಂಗಸಂಸ್ಥೆಗಳು; ಸರ್ಕಾರದ ಸುತ್ತೋಲೆಯನ್ನೇ ಪ್ರಶ್ನಿಸುವ ಕೆಲಸವನ್ನು ಇವುಗಳಿಂದ ನಿರೀಕ್ಷಿಸುವುದು ನ್ಯಾಯವಲ್ಲ. ಇನ್ನು ಅಧ್ಯಾಪಕರ ಸಂಘಗಳು ವೇತನ, ಪಿಂಚಣಿ, ವರ್ಗಾವಣೆಗಳಲ್ಲೇ ಹೈರಾಣಾಗಿವೆ. ಅವೂ ಅಗತ್ಯವೇ, ಅಲ್ಲಗಳೆಯುವುದಿಲ್ಲ. ಪಠ್ಯದ ಕಡೆ ನೋಡಿದರೆ, ನಾವು ಆಡಳಿತ ಚಿಂತಕ ಫೇಯೋಲ್‌ನ 14 ತತ್ವಗಳನ್ನು ಬಾಯಿಪಾಠ ಮಾಡಿಸುತ್ತೇವೆ; ಜ್ಯೇಷ್ಠತೆಯ ಮೇಲೆ ಬಡ್ತಿ ಪಡೆದ ಮುಖ್ಯ ಶಿಕ್ಷಕಿಗೆ ಮಾರನೆಯ ಬೆಳಿಗ್ಗೆ ಎದುರಾಗುವುದು ಬಿಸಿಯೂಟದ ಲೆಕ್ಕ, ವಿದ್ಯಾರ್ಥಿಗಳ ಮಾಹಿತಿ ದಾಖಲಿಸುವ ಎಸ್‌ಎಟಿಎಸ್ ನಮೂದು ಮತ್ತು ಶಾಲಾಭಿವೃದ್ಧಿ ಸಮಿತಿಯ, ಅಂದರೆ ಎಸ್‌ಡಿಎಂಸಿ ಸದಸ್ಯರ ತಕರಾರು. ಮುಖ್ಯ ಶಿಕ್ಷಕರು ವರ್ಷಕ್ಕೆ 50 ಗಂಟೆಗಳ ವೃತ್ತಿ ಅಭಿವೃದ್ಧಿ ತರಬೇತಿ ಪಡೆಯಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಆ ಗಂಟೆಗಳಲ್ಲಿ ಏನು ಕಲಿಸಬೇಕೆಂಬುದನ್ನು ವಿಷಯದ ಅಧ್ಯಾಪಕರು ಸೇರಿ ಯೋಚಿಸದಿದ್ದರೆ, ಹಳೆಯ ಸ್ಲೈಡುಗಳೇ ಮತ್ತೆ ಪರದೆಯ ಮೇಲೆ ಬರುತ್ತವೆ.

ಆದ್ದರಿಂದ ರಾಜ್ಯದ ಶಿಕ್ಷಣಶಾಸ್ತ್ರ ವಿಭಾಗಗಳಲ್ಲಿ ಈ ವಿಷಯ ಬೋಧಿಸುವವರು ವ್ಯಕ್ತಿಗತ ಸದಸ್ಯತ್ವದ, ಚಂದಾ ಹಣದಿಂದಲೇ ನಡೆಯುವ ಸಣ್ಣ ಸಂಘವೊಂದನ್ನು ಕಟ್ಟಿಕೊಳ್ಳಬೇಕೆಂದು ವಿನಂತಿಸುತ್ತೇನೆ. ಮೊದಲ ಸಭೆಯಲ್ಲಿ ಪ್ರಬಂಧ ಮಂಡನೆ ಬೇಡ. ಹಾಲಿ ಮುಖ್ಯ ಶಿಕ್ಷಕರನ್ನೂ ಕ್ಷೇತ್ರ ಶಿಕ್ಷಣಾಧಿಕಾರಿಗಳನ್ನೂ ಕರೆದು, ನಾವು ಕಲಿಸಿದ್ದರಲ್ಲಿ ಯಾವುದು ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ ಎಂದು ಅವರು ಹೇಳುವುದನ್ನು ಕೇಳಿ, ಹೇಳಿದಂತೆಯೇ ಕನ್ನಡದಲ್ಲಿ ದಾಖಲಿಸಿ ಎಲ್ಲ ವಿಭಾಗಗಳ ಪಠ್ಯಕ್ರಮ ಸಮಿತಿಗಳಿಗೆ ಕಳುಹಿಸಿದರೆ ಸಾಕು. ಸಭಾಂಗಣವನ್ನು ಧಾರವಾಡದ ಸಂಸ್ಥೆ ಒದಗಿಸಬಹುದು. ಉದ್ಘಾಟನೆಗೆ ಸಚಿವರನ್ನು ಕರೆಯದಿದ್ದರೆ ಅರ್ಧ ದಿನವೂ ಉಳಿಯುತ್ತದೆ.

ಇಂತಿ,
ಶಿಕ್ಷಣಶಾಸ್ತ್ರದ ನಿವೃತ್ತ ಪ್ರಾಧ್ಯಾಪಕ, ಮೈಸೂರು