ಅವ್ವನ ಕಣ್ಣಿನ ಪೊರೆ

ಲಂಡನ್

ಪ್ರೀತಿಯ ಅಣ್ಣನಿಗೆ,

ನಾವಿಲ್ಲಿ ಆರಾಮಾಗಿದ್ದೇವೆ. ಅವ್ವನ ಕಣ್ಣಿಗೆ ಲೇಸರ್ ಮಾಡಿಸೋಣ, ಭತ್ತದ ದುಡ್ಡು ಪೂರ್ತಿ ಹೋದರೂ ಹೋಗಲಿ ಅಂದೆ ನೀನು. ರಾತ್ರಿಯೆಲ್ಲ ಅದೇ ಯೋಚನೆ. ಫೋನಲ್ಲಿ ಹೇಳಿದ್ದು ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಅತ್ತಿಗೆಗೂ ಓದಿ ಹೇಳು.

ಆಸ್ಪತ್ರೆಯವರು ಲೇಸರ್ ಅಂದದ್ದು ಯಾವುದಕ್ಕೆ, ಮೊದಲು ಕೇಳಿಕೊಂಡು ಬಾ. ನಮ್ಮ ಸಿಂಧನೂರು ಕಡೆ ಹೊಲಿಗೆ ಹಾಕದ ಆಪರೇಷನ್ನಿಗೆಲ್ಲ ಲೇಸರ್ ಅಂದುಬಿಡುತ್ತಾರೆ. ಅದರಲ್ಲಿ ಫೇಕೋ ಅನ್ನುವ ಪದ್ಧತಿಯೂ ಒಂದು, ಅದು ಲೇಸರ್ ಅಲ್ಲ. ಮೂರು ಮಿಲಿಮೀಟರಿಗಿಂತ ಸಣ್ಣ ಗಾಯ ಮಾಡಿ, ಅಲ್ಟ್ರಾಸೌಂಡಿನಿಂದ ಪೊರೆ ಒಡೆದು ಹೀರಿ ತೆಗೆಯುತ್ತಾರೆ. ನಿಜವಾದ ಲೇಸರಿನಲ್ಲಿ ಗಾಯ ಮಾಡುವುದು, ಪೊರೆಯ ಚೀಲವನ್ನು ದುಂಡಗೆ ಕತ್ತರಿಸುವುದು, ಪೊರೆಯನ್ನು ತುಂಡು ಮಾಡುವುದು ಯಂತ್ರದ ಕೆಲಸ. ಆಮೇಲೆ ಹೀರುವುದು, ಲೆನ್ಸ್ ಕೂರಿಸುವುದು ಡಾಕ್ಟರ ಕೈಯೇ. 2008ರಲ್ಲಿ ಬುಡಾಪೆಸ್ಟಿನಲ್ಲಿ ಶುರುವಾದ ಪದ್ಧತಿ ಇದು. ಇಲ್ಲಿ ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ 785 ಜನರಲ್ಲಿ ಅರ್ಧದಷ್ಟು ಮಂದಿಗೆ ಲೇಸರ್, ಉಳಿದವರಿಗೆ ಫೇಕೋ ಮಾಡಿ ನೋಡಿದರು. ಮೂರು ತಿಂಗಳಾದ ಮೇಲೆ ಎರಡೂ ಕಡೆಯವರ ದೃಷ್ಟಿ ಹೆಚ್ಚುಕಡಿಮೆ ಒಂದೇ. ಫ್ರಾನ್ಸಿನಲ್ಲಿ ನೋಡಿದಾಗಲೂ ಲೇಸರ್ ಮೇಲು ಅಂತ ಕಾಣಲಿಲ್ಲ, ಖರ್ಚು ಮಾತ್ರ ಜಾಸ್ತಿ.

ಹೋದ ಸಲ ಬಂದಾಗ ಅವ್ವ ಮೊರ ಹಿಡಿದು ಬಾಗಿಲ ಬೆಳಕಿಗೆ ಕೂತಿದ್ದಳು. ಅಕ್ಕಿಯಲ್ಲಿನ ಕಲ್ಲನ್ನು ಕಣ್ಣಿಂದಲ್ಲ, ಬೆರಳಿಂದ ಹುಡುಕುತ್ತಿದ್ದಳು. "ಮಂಜು ಕವಿದಂಗ ಆಗೇತವ್ವಾ" ಅಂದಳು. ಅವತ್ತೇ ಕರೆದುಕೊಂಡು ಹೋಗಬೇಕಿತ್ತು ನಾನು. ಆ ನೋವು ಇನ್ನೂ ಇದೆ.

ಪೊರೆ ಬಹಳ ಬಲಿತು ಗಟ್ಟಿಯಾಗಿದ್ದರೆ ಡಾಕ್ಟರು ಆರೇಳು ಮಿಲಿಮೀಟರ್ ಗಾಯದ ಆಪರೇಷನ್ ಮಾಡೋಣ ಅನ್ನಬಹುದು. ಕ್ಯಾಂಪಿನಲ್ಲಿ ಮಾಡುತ್ತಾರಲ್ಲ, ಅದೇ. ಅದನ್ನು ಕಡೆಗಣಿಸಬೇಡ. ಅದಕ್ಕೂ ಸಾಮಾನ್ಯವಾಗಿ ಹೊಲಿಗೆ ಬೇಕಾಗುವುದಿಲ್ಲ, ಬಲಿತ ಪೊರೆಗೆ ಒಳ್ಳೆಯದು. ಯಂತ್ರ ಯಾವುದು ಅಂತ ಕೇಳುವುದಕ್ಕಿಂತ ಕೈ ಪಳಗಿದ ಡಾಕ್ಟರು ಯಾರು ಅಂತ ಕೇಳು. ಅವ್ವನಿಗೆ ಶುಗರ್ ಇದೆ ಅಲ್ವಾ, ಕಣ್ಣಿನ ಹಿಂದಿನ ನರದ ಪರದೆಯನ್ನೂ ಪರೀಕ್ಷೆ ಮಾಡಿಸು.

ಭತ್ತದ ದುಡ್ಡು ಇಟ್ಟುಕೋ. ಆದರೆ ಸುಮ್ನೆ ದಿನ ತಳ್ಳಬೇಡ. ಆಪರೇಷನ್ ಆದ ಮೇಲೆ ಡ್ರಾಪ್ಸ್ ಮುಗಿಯುವ ತನಕ ಅವ್ವನನ್ನು ಒಲೆಯ ಹೊಗೆ ಮುಂದೆ ಕೂರಿಸಬೇಡಿ, ಅವಳು ಎಷ್ಟೇ ಹಟ ಮಾಡಿದರೂ. ದಿನ ಗೊತ್ತಾದ ಕೂಡಲೇ ಹೇಳು, ರಜೆ ಹಾಕಿ ಬರುತ್ತೇನೆ. ಡ್ರಾಪ್ಸ್ ನಾನೇ ಹಾಕುತ್ತೇನೆ.

ನಿನ್ನ ತಂಗಿ